ಕಾರ್ಪೆಟ್ಟಿನ ಮೂಲೆ

ಅಣ್ಣ ಬಟ್ಟೆ ಕಾರ್ಖಾನೆಯ ಮ್ಯಾನೇಜರ್. ಮೊನ್ನೆ ಕೆಲಸದ ಹೊತ್ತಿನಲ್ಲೇ ನಮ್ಮ ಮನೆಗೆ ಬಂದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕಿಟಕಿ ತೆರೆದ, ಮುಚ್ಚಿದ. ನೀರು ಕೇಳಿದ, ಕುಡಿಯಲಿಲ್ಲ. "ಏನಾಯ್ತಣ್ಣ?" ಅಂದರೆ "ಏನಿಲ್ಲ ಕಣೇ" ಅಂದ. ಏನಿಲ್ಲ ಅನ್ನುವವನು ಹಾಗೆ ಸುತ್ತುವುದಿಲ್ಲ.

ನಮ್ಮದು ಚಿಕ್ಕ ಪಂಥ, ಊರಲ್ಲಿ ನಲವತ್ತು ಮನೆ ಇದ್ದರೆ ಹೆಚ್ಚು. ನಡುಮಧ್ಯಾಹ್ನ ಎಲ್ಲೇ ಇರಲಿ, ಚಪ್ಪಲಿ ಬಿಟ್ಟು ಬರಿ ನೆಲದ ಮೇಲೆ ಹತ್ತು ನಿಮಿಷ ನಿಂತು ದೇವರನ್ನು ನೆನೆಯಬೇಕು. ಅದೊಂದೇ ನಮ್ಮ ಗುರುತು, ಬೇರೆ ವೇಷಭೂಷಣವಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಅಣ್ಣ ಅದೇ ಕಾರ್ಖಾನೆಗೆ ಬಟ್ಟೆ ಕತ್ತರಿಸಲು ಸೇರಿದ. ಮೇಜಿನ ಪಕ್ಕ ಬರಿಗಾಲಲ್ಲಿ ನಿಂತವನಿಗೆ ಜೊತೆಯವರು "ಕಂಬ" ಅಂತ ಹೆಸರಿಟ್ಟರು. ಸೂಪರ್‌ವೈಸರ್ ಬೇಕಂತಲೇ ಬೇಸಿಗೆಯಲ್ಲಿ ಇಸ್ತ್ರಿ ವಿಭಾಗಕ್ಕೆ ತಳ್ಳಿದ. ಒಮ್ಮೆ ಚಪ್ಪಲಿಯನ್ನು ಯಾರೋ ಚಿಂದಿ ರಾಶಿಯಲ್ಲಿ ಹೂತಿಟ್ಟರು, ಬರಿಗಾಲಲ್ಲೇ ಮನೆಗೆ ನಡೆದು ಬಂದ. ಅಮ್ಮ ಅತ್ತರು. ಇವನು ನಕ್ಕು "ನಾಳೇನೂ ನಿಲ್ತೀನಿ" ಅಂದ. ಹನ್ನೆರಡು ವರ್ಷ ಒಂದು ದಿನ ತಪ್ಪಿಸಲಿಲ್ಲ. ಅಂಥ ಅಣ್ಣ ನನಗಿದ್ದಾನೆ ಅಂತ ಬೀಗಿಕೊಂಡು ಓಡಾಡಿದವಳು ನಾನು.

ಆಮೇಲೆ ಒಳ್ಳೆಯ ಕಾಲ ಬಂತು. ಮಾಲೀಕರ ಮಗಳು ಕಾರ್ಖಾನೆ ವಹಿಸಿಕೊಂಡಳು. ಗುಣವಂತೆ, ಒಂದು ಮಾತು ಆಡುವ ಹಾಗಿಲ್ಲ. ಅಣ್ಣನ ಕೆಲಸ ನೋಡಿ ಮೇಲಕ್ಕೇರಿಸಿದಳು. ಎ.ಸಿ. ಕೋಣೆ, ಓಡಾಡಲು ಕಾರು, ಗೋಡೆಯಿಂದ ಗೋಡೆಗೆ ಕಾರ್ಪೆಟ್. "ನಿಮ್ಮ ಪ್ರಾರ್ಥನೆ ಹೊತ್ತಲ್ಲಿ ಯಾರೂ ಒಳಗೆ ಬರಲ್ಲ, ಎಲ್ಲರಿಗೂ ಹೇಳಿದೀನಿ" ಅಂತಲೂ ಅಂದಳು. ಮೊದಮೊದಲು ಇವನು ಕಾರ್ಪೆಟ್ಟಿನ ಮೂಲೆ ಮಡಚಿ ಸಿಮೆಂಟಿನ ಮೇಲೆ ನಿಲ್ಲುತ್ತಿದ್ದ. ಮಡಚಿ ಮಡಚಿ ಆ ಮೂಲೆ ಎದ್ದು ನಿಂತಿತು, ಬಂದವರು ಎಡವಿದರು. ಆಮೇಲೆ ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿದ. ಆಮೇಲೆ ಆ ಹೊತ್ತಿಗೇ ಫೋನು ಬರತೊಡಗಿತು. ಯಾರೂ ಬೇಡ ಅನ್ನದ ಕೆಲಸ ಎಷ್ಟು ಸಲೀಸಾಗಿ ಬಿಟ್ಟುಹೋಗುತ್ತದೆ! ನಾನು ಕೆಣಕಿದರೆ "ಮನಸ್ಸಲ್ಲಿದ್ರೆ ಸಾಕು ಬಿಡೇ" ಅನ್ನುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

ಇನ್ನೊಂದು ಸುತ್ತು ಹಾಕಿ ಕೊನೆಗೂ ಬಾಯಿಬಿಟ್ಟ. ಕಾಜಾ ಹೊಲಿಯಲು ಹೊಸದಾಗಿ ಸೇರಿದ ಹೆಂಗಸೊಬ್ಬಳು ಬೆಳಗ್ಗೆ ಅವನ ಕೋಣೆಗೆ ಬಂದಿದ್ದಳಂತೆ. ಬೇರೆ ಊರಿನವಳು, ನಮ್ಮ ಪಂಥದವಳೇ. ಮಧ್ಯಾಹ್ನ ಹತ್ತು ನಿಮಿಷ ಮೆಷಿನ್ ನಿಲ್ಲಿಸಲು ಅನುಮತಿ ಬೇಕಿತ್ತು. ಅಣ್ಣ ಆರ್ಡರಿನ ಪಟ್ಟಿಯಿಂದ ತಲೆ ಎತ್ತದೆ "ಒಂದು ಗಂಟೆಗೆ ಊಟದ ಬಿಡುವು ಇದೆಯಲ್ಲಮ್ಮ, ಆಗ ಮಾಡ್ಕೋ" ಅಂದ.

ಅವಳು ಸಿಟ್ಟಾಗಲಿಲ್ಲ. "ನಿಮಗೆ ಗೊತ್ತಿರಲ್ಲ ಸಾರ್" ಅಂತ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಹೊತ್ತು ನೆತ್ತಿಗೆ ಬಂದಾಗಲೇ ನಿಲ್ಲಬೇಕು, ನೆಲ ಅಂಗಾಲಿಗೆ ತಾಗಬೇಕು, ಕೈಯಲ್ಲಿರೋ ಕೆಲಸ ಬಿಟ್ಟು ನಿಲ್ಲೋದೇ ನಮ್ಮ ಪ್ರಾರ್ಥನೆ, ಬಿಡುವಲ್ಲಿ ಯಾರು ಬೇಕಾದ್ರೂ ನಿಲ್ತಾರೆ ಸಾರ್.

"ನಾನೂ ನಿಮ್ಮೋನೇ ಅಂತ ಹೇಳ್ಬಾರ್ದಿತ್ತಾ ಅಣ್ಣ?" ಅಂದೆ.

"ಬಾಯಿ ಬರಲಿಲ್ಲ. ಅವಳು ಹೇಳಿ ಮುಗಿಸೋವರೆಗೂ ಕೇಳಿಸ್ಕೊಂಡೆ" ಅಂದ. "ಆಮೇಲೆ, ನಿಮ್ಮವರ ಪದ್ಧತಿ ಚೆನ್ನಾಗಿದೆ, ನಿಂತ್ಕೊಳಮ್ಮ ಅಂದೆ."