ವೀರಯ್ಯನ ಸರಪಳಿ, ಸ್ಟೋರಿನ ಬೀಗ

ಮಗ್ಗೆಯ ಕಲ್ಲುಕೆಲಸದ ವೀರಯ್ಯನ ಜನ್ಮದಿನಾಂಕ ಶಾಲೆಯ ದಾಖಲೆಯಲ್ಲಿ 1959ರ ಜೂನ್ 1 ಎಂದಿದೆ. ನಾನು ಅದನ್ನು ನಂಬುವುದಿಲ್ಲ. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆಲ್ಲ ಆಗಿನ ಉಪಾಧ್ಯಾಯರು ಜೂನ್ ಒಂದನ್ನೇ ಬರೆದುಬಿಡುತ್ತಿದ್ದರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಆತನಿಗೆ ಕಲ್ಲು ಕೆತ್ತುವುದನ್ನು ಕಲಿಸಿದವನು ಮಾವ ಗಿಡ್ಡಯ್ಯ. ಮಗಳು ರಾಮಮ್ಮನನ್ನು ಧಾರೆಯೆರೆದು ಕೊಟ್ಟ ಗಿಡ್ಡಯ್ಯ ಅಳಿಯನಿಗೆ ಒಂದು ಕಟ್ಟಳೆಯನ್ನೂ ವಹಿಸಿದ: ಕಮಾನಿಗೆ ಕೊಟ್ಟ ಮರದ ಆಸರೆ ಬಿಚ್ಚುವಾಗ ಕಟ್ಟಿದವನು ಅದರ ಅಡಿಯಲ್ಲೇ ನಿಂತಿರಬೇಕು. ವೀರಯ್ಯ ಹಾಗೆ ಹದಿನೇಳು ಬಾರಿ ನಿಂತಿದ್ದ. ಹದಿನೆಂಟನೆಯ ಬಾರಿ ನಿಲ್ಲುವಾಗ ನಾನೂ ಅಲ್ಲಿದ್ದೆ.

ಪಾಳ್ಯದ ಬಳಿ ಕ್ಯಾಸ್ಮಿರ್ ಅವರ ಕಾಫಿ ಎಸ್ಟೇಟಿನಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರವಿದೆ. ಅದರ ಮುಂದೆ ಎಂಟಡಿ ಅಗಲದ ಕಲ್ಲಿನ ಕಮಾನು ಕಟ್ಟಿಸಬೇಕೆಂದು ಅವರು ಹಾಸನದಿಂದ ನಕ್ಷೆ ತರಿಸಿದರು. ನಕ್ಷೆಯಲ್ಲಿದ್ದದ್ದು ಅರ್ಧವೃತ್ತ. ವೀರಯ್ಯ ಅದನ್ನು ಒಪ್ಪಲಿಲ್ಲ. ಇಷ್ಟು ತೆಳುವಾದ ಕಲ್ಲಿಗೆ ಅರ್ಧವೃತ್ತ ಸಲ್ಲದು, ಹೆಗಲಲ್ಲಿ ಬಾಯಿ ಬಿಡುತ್ತದೆ ಎಂದ. ಕಾಫಿ ಸ್ಟೋರಿನ ಬಾಗಿಲಿನ ಸರಪಳಿಯನ್ನು ಬಿಚ್ಚಿ ಅಲ್ಲೇ ಸ್ಟೋರಿನ ಗೋಡೆಯ ಎರಡು ಮೊಳೆಗಳಿಗೆ ಇಳಿಬಿಟ್ಟ. ಅದು ತಾನಾಗಿ ತೂಗಿ ನಿಂತ ಗೆರೆಯನ್ನು ಇದ್ದಲಿನಲ್ಲಿ ಎಳೆದು, ತಲೆಕೆಳಗು ಮಾಡಿ ಕಟ್ಟುವುದೆಂದ.

2023ರ ಫೆಬ್ರವರಿ 12, ಭಾನುವಾರ, ಆಲೂರಿನಿಂದ ನನ್ನನ್ನು ಕರೆಸಿದರು. ನಾನು ಮೂವತ್ತಮೂರು ವರ್ಷ ಗಣಿತ ಕಲಿಸಿದವನು. ಗೆರೆಯನ್ನು ಒಂಬತ್ತು ಕಡೆ ಅಳೆದೆ. ನೋಟಕ್ಕೆ ಪರವಲಯದಂತಿದ್ದರೂ ಅದು ಪರವಲಯವಲ್ಲ. ತೂಗುಸರಪಳಿಗೆ ತನ್ನದೇ ಆದ ಸಮೀಕರಣವಿದೆ. ನನ್ನ ಲೆಕ್ಕಕ್ಕೂ ಇದ್ದಲಿನ ಗೆರೆಗೂ ಒಂದು ಬೆರಳಿನಷ್ಟೂ ಅಂತರವಿರಲಿಲ್ಲ. ಸರಪಳಿಯಲ್ಲಿ ಬರಿಯ ಎಳೆತವಿರುವಂತೆ, ಅದನ್ನು ತಿರುಗಿಸಿದ ಕಮಾನಿನಲ್ಲಿ ಬರಿಯ ಒತ್ತಡವಿರುತ್ತದೆ. ಕಲ್ಲಿಗೆ ಬೇಕಾದದ್ದೂ ಅಷ್ಟೇ.

"ನೀವು ಹೂಂ ಅಂದ್ರೆ ಕಟ್ಟಲಿ, ಮೇಷ್ಟ್ರೇ" ಎಂದರು ಕ್ಯಾಸ್ಮಿರ್.

ನಾನು ಹೂಂ ಎಂದೆ.

ಮಾರ್ಚ್ 13, ಸೋಮವಾರ, ಆಸರೆ ಬಿಚ್ಚುವ ದಿನ. ಬೆಳಿಗ್ಗೆ ಹತ್ತಕ್ಕೆ ನಾನು ತಲುಪುವಾಗ ವೀರಯ್ಯ ಆಗಲೇ ಕಮಾನಿನ ಅಡಿಯಲ್ಲಿ ನಿಂತಿದ್ದ. ಆಸರೆಯ ಬೆಣೆಗಳ ಬಳಿ ಕೆಲಸದ ನಂಜುಂಡ ಸುತ್ತಿಗೆ ಹಿಡಿದಿದ್ದ. ಕಮಾನನ್ನು ನೋಡಿದೆ. ನಾನು ಒಪ್ಪಿದ್ದ ಗೆರೆ ಅದಾಗಿರಲಿಲ್ಲ. ನೆತ್ತಿ ಚೂಪಾಗಿತ್ತು, ಎರಡು ಪಕ್ಕಗಳೂ ನೆಟ್ಟಗಾಗಿದ್ದವು. ಸಾಲದ್ದಕ್ಕೆ ನೆತ್ತಿಯ ಕಲ್ಲಿನ ಕೊಂಡಿಯಲ್ಲಿ ಪ್ರಾರ್ಥನಾಮಂದಿರದ ಎಂಬತ್ತು ಕಿಲೋ ತೂಕದ ಹಳೆಯ ಗಂಟೆ ತೂಗುತ್ತಿತ್ತು. ಅದಕ್ಕೆ ಬೇರೆ ಕಂಬ ನೆಡುವುದೆಂದು ನನಗೆ ಹೇಳಿದ್ದರು. ಸ್ಟೋರಿನ ಗೋಡೆಯತ್ತ ತಿರುಗಿದೆ. ಸರಪಳಿ ಇನ್ನೂ ಅಲ್ಲೇ ಇತ್ತು, ಆದರೆ ಅದರ ನಟ್ಟನಡುವೆ, ನಾನು ಅಳೆದ ದಿನ ಇಲ್ಲದಿದ್ದ ಸ್ಟೋರಿನ ದೊಡ್ಡ ಬೀಗ ತೂಗುತ್ತಿತ್ತು.

"ನಿಲ್ಲಿಸು ನಂಜುಂಡ! ವೀರಯ್ಯ, ಆಚೆ ಬಾ! ಬೀಗ ತೆಗೆಯುವುದನ್ನು ಮರೆತು ಮತ್ತೆ ಗೆರೆ ಎಳೆದಿದ್ದೀಯ. ಮೊದಲು ಆ ಗಂಟೆ ಇಳಿಸಿ!"

ಹಲಸಿನ ಮರದಡಿ ಕುಳಿತಿದ್ದ ರಾಮಮ್ಮ ದಡಕ್ಕನೆ ಎದ್ದಳು. "ನಾನ್ ಬಡ್ಕಂಡೆ ಕಣ್ರೀ ಮೇಷ್ಟ್ರೇ! ನಮ್ಮಪ್ಪ ಹೇಳ್ಬುಟ್ಟು ಹೋದ, ಇವ್ರು ನಿಂತ್ಕಂಡೇ ಸಾಯ್ತರೆ. ಇವ್ರು ನಿಂತ್ರೆ ಕಲ್ಲು ನಿಲ್ತದಾ?"

"ನೀನು ಸುಮ್ಕಿರೇ. ಮೇಷ್ಟ್ರೇ, ಗಂಟೆ ಇಳಿಸ್ಬುಟ್ರೆ ನೆತ್ತಿ ಮ್ಯಾಕ್ಕೆ ಎದ್ದೋಯ್ತದೆ. ಆಗ್ಲೇ ಕಣ್ರೀ ನಾನ್ ಸಾಯಾದು" ಎಂದ ವೀರಯ್ಯ ಕದಲದೆ. "ಬೀಗ ಮರ್ತಿಲ್ಲ, ಬೇಕಂತ್ಲೇ ಹಾಕಿ ಗೆರೆ ಹೊಸ್ದಾಗಿ ಎಳ್ದೆ. ಗಂಟೆ ಕಮಾನ್ಗೇ ಬರ್ಲಿ ಅಂತ ಅಮ್ಮೋರು ಆಮೇಲೆ ಹೇಳುದ್ರು."

ಕ್ಯಾಸ್ಮಿರ್ ಅವರ ಪತ್ನಿ ಕಾನ್ಸೆಪ್ಟಾ ತಲೆಯಾಡಿಸಿದರು. "ನಾನೇ ಹೇಳಿದ್ದು, ಮೇಷ್ಟ್ರೇ."

"ಸರಿ, ಆದರೆ ಈ ಬೀಗವೇ ಯಾಕೆ?"

"ಕಾಫಿ ಮೂಟೆ ತೂಗೋ ತಕ್ಕಡೀಲಿ ಕಲ್ಲೆಲ್ಲಾ ತೂಗ್ದೆ. ಎಂಟು ಕ್ವಿಂಟಾಲ್ ಬಂತು. ಸರಪಳಿ ನಾಕು ಕಿಲೋ ಐತೆ. ಗಂಟೆಗೆ ಸರಿಯಾಗಿ ಏನ್ ಕಟ್ಬೇಕು, ನೀವೇ ಹೇಳಿ."

ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ. ಕಲ್ಲಿನ ತೂಕದ ಹತ್ತನೆಯ ಒಂದು ಪಾಲು ಗಂಟೆ. ಸರಪಳಿಯ ಹತ್ತನೆಯ ಒಂದು ಪಾಲು ನಾನೂರು ಗ್ರಾಂ. ಬೀಗವನ್ನು ನಾನೇ ಬಿಚ್ಚಿ ತಂದು ಸ್ಟೋರಿನ ಮೆಣಸಿನ ತಕ್ಕಡಿಗೆ ಹಾಕಿದೆ. ನಾನೂರ ಐದು ತೋರಿಸಿತು. ನಡುವೆ ಭಾರ ತೂಗಿದಾಗ ಸರಪಳಿ ಅಲ್ಲಿ ಚೂಪಾಗಲೇಬೇಕು. ನಾನು ಒಪ್ಪಿದ್ದ ಗೆರೆ ಗಂಟೆಯಿಲ್ಲದ ಕಮಾನಿನದು. ಗಂಟೆ ಇಳಿಸಿಯೇ ತೀರಬೇಕೆಂದು ನಾನು ಹಟ ಹಿಡಿದು, ಅವರು ನನ್ನ ಮಾತು ಕೇಳಿದ್ದರೆ ಆಸರೆ ಬಿಚ್ಚಿದೊಡನೆ ನೆತ್ತಿ ಮೇಲೆದ್ದು ಕಲ್ಲುಗಳು ವೀರಯ್ಯನ ಮೇಲೇ ಬೀಳುತ್ತಿದ್ದವು.

ಹೊರಗೆ ಬಂದು ಹೇಳಿದೆ: "ಐದು ಗ್ರಾಂ ಹೆಚ್ಚಾಗಿದೆ."

"ಬೀಗದೊಳ್ಗಿನ ತುಕ್ಕು ಇರ್ಬೇಕು" ಎಂದ ವೀರಯ್ಯ. "ಹೊಡಿಯೋ ನಂಜುಂಡ."

ಬೆಣೆಗಳು ಒಂದೊಂದಾಗಿ ಸಡಿಲಿದವು. ಮರದ ಆಸರೆ ಎರಡು ಬೆರಳಷ್ಟು ಕೆಳಗಿಳಿಯಿತು. ಚಿಟಿಕೆ ಗಾರೆ ಉದುರಿ ವೀರಯ್ಯನ ರುಮಾಲಿನ ಮೇಲೆ ಬಿತ್ತು. ರಾಮಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಕಮಾನು ನಿಂತೇ ಇತ್ತು. ಆತ ಕೈಯೆತ್ತಿ ನೆತ್ತಿಯ ಕಲ್ಲಿಗೆ ಕೋಲು ತಾಗಿಸಿ ನೋಡಿ, ನಕ್ಕ.

"ಕಣ್ ಬುಡೇ, ಇದೀನಿ."

"ಇದ್ರೆ ಈಚೆ ಬನ್ನಿ ಮತ್ತೆ! ತಂದಿರೋ ರೊಟ್ಟಿ ತಣ್ಣಗಾಗ್ಬುಡ್ತು" ಎಂದು ರಾಮಮ್ಮ ಗದರಿದಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಇನ್ನಾದರೂ ಬೀಗ ಕೊಡು ಮಾರಾಯ, ತಿಂಗಳಿಂದ ಸ್ಟೋರಿನ ಬಾಗಿಲಿಗೆ ಹಗ್ಗ ಕಟ್ಟಿದ್ದೇನೆ" ಎಂದರು ಕ್ಯಾಸ್ಮಿರ್.

ಬೀಗ ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಅವರಿಗೊಪ್ಪಿಸಿ, ಚಪ್ಪಲಿ ಕಳಚಿ, ಯಾರೂ ಕರೆಯದಿದ್ದರೂ ವೀರಯ್ಯನ ಪಕ್ಕ ಹೋಗಿ ಕಮಾನಿನ ಅಡಿಯಲ್ಲಿ ನಿಂತೆ. ಹೂಂ ಎಂದವನೂ ನಿಲ್ಲಬೇಕಲ್ಲವೇ? ಆತ ಸ್ವಲ್ಪ ಸರಿದು ಜಾಗ ಕೊಟ್ಟ. ಕಾನ್ಸೆಪ್ಟಾ ಗಂಟೆಯ ಹಗ್ಗ ಎಳೆದರು. ಆಗ ಹತ್ತು ಗಂಟೆ ನಲವತ್ತೆರಡು ನಿಮಿಷ.