ಬೊಮ್ಮಕ್ಕನ ಹಾಡಿಗೊಂದು ಹೆಣ

ಹಿರೇಗುಂಟನೂರಿನ ಸುತ್ತ ಯಾರೇ ಸಾಯಲಿ, ಬೊಮ್ಮಕ್ಕ ಬಂದು ಹಾಡಿಕೊಂಡು ಅಳುವ ತನಕ ಆ ಸಾವು ಊರ್ಜಿತವಾಗುತ್ತಿರಲಿಲ್ಲ. ನಲವತ್ತು ವರ್ಷಗಳಲ್ಲಿ ಎಂತೆಂಥ ಪುಂಡರನ್ನೂ ಅವಳು ಧರ್ಮರಾಯರನ್ನಾಗಿ ಮಾಡಿ ಕಳಿಸಿದ್ದಳು. ಹೆಣ ಎತ್ತುವ ಹೊತ್ತಿಗಷ್ಟೇ ಒಳಗೆ ಬರುವ ಗಂಡಸರ ಕಿವಿಗೆ ಬೀಳುತ್ತಿದ್ದುದು ಬರೀ ಹೊಗಳಿಕೆ. ಆ ಗಂಡಸರಲ್ಲೊಬ್ಬ ಅವಳ ಗಂಡ, ಕುರಿ ಕಾಯುವ ಸಣ್ಣತಿಮ್ಮಪ್ಪ. ಬದುಕಿರುವ ತಪ್ಪಿಗೆ ಅವನಿಗೆ ಮಾತ್ರ ಆ ಬಾಯಿಂದ ಒಂದು ಒಳ್ಳೆಯ ಮಾತೂ ಸಿಕ್ಕಿರಲಿಲ್ಲ. ಸತ್ತಾಗ ಸಿಗುತ್ತದೆ, ಸರಿ. ಆದರೆ ಕೇಳುವುದು ಹೇಗೆ?

ಹೀಗಿರುವಾಗ ದುರ್ಗದಿಂದ ಚೈತ್ರಾ ಎಂಬ ಸಂಶೋಧಕಿ ರೆಕಾರ್ಡರ್ ಹಿಡಿದು ಬಂದಳು. ಈಗ ಸಾವಿನ ಮನೆಗಳಲ್ಲೆಲ್ಲ ಮೈಕಿನ ಭಜನೆ. ಬೊಮ್ಮಕ್ಕನ ನಂತರ ಈ ಹಾಡು ಬಲ್ಲವರಿಲ್ಲ, ಉಳಿಸಿಕೊಳ್ಳಬೇಕು ಎಂದಳು.

"ಹೆಣ ಇಲ್ದೆ ಎಂಗವ್ವ ಅಳ್ಲಿ? ಮುಂದೆ ಒಂದು ಮಕ ಇರ್ಬೇಕು," ಎಂದಳು ಬೊಮ್ಮಕ್ಕ.

"ನಾನಿಲ್ವೇನೇ!"

ಸಣ್ಣತಿಮ್ಮಪ್ಪ ರಣರಂಗಕ್ಕೆ ಹೊರಟ ವೀರನಂತೆ ಪಂಚೆ ಬಿಗಿದು, ಪಡಸಾಲೆಯಲ್ಲಿ ದಕ್ಷಿಣಕ್ಕೆ ತಲೆಯಿಟ್ಟು, ಕಂಬಳಿ ಹೊದ್ದು ಮಲಗಿಯೇಬಿಟ್ಟ.

ಬೊಮ್ಮಕ್ಕ ದನಿ ಎತ್ತಿದಳು.

"ಬಿಟ್ಟೋದ್ಯಲ್ಲೋ ನನ್ ದೊರೆ... ಉಂಡ್ಯಾ ಅಂತ ಒಂದಿನ ಕೇಳ್ದೆ ಹೋದ್ಯಲ್ಲೋ... ಹೆರಿಗೆ ನೋವಿನಾಗೆ ನಾ ಬಿದ್ದಿದ್ರೆ ತಪ್ಪಿಸ್ಕಂಡ ಟಗರು ಹುಡುಕ್ಕಂಡು ಹೋದ್ಯಲ್ಲೋ... ನಮ್ಮಣ್ಣನ ಮನ್ಯಾಗೆ ಬಾಡೂಟ ಇಲ್ಲ ಅಂತ ಎಲೆ ಬಿಟ್ಟು ಎದ್ಯಲ್ಲೋ..."

ಹೆಣದ ಎದೆ ಧಸಕ್ಕೆಂದಿತು. ಆ ಟಗರು ಮೂವತ್ತೈದು ವರ್ಷದಿಂದ ಇವಳ ಹೊಟ್ಟೆಯೊಳಗೆ ಮೇಯುತ್ತಿತ್ತೇ? ರೆಕಾರ್ಡರಿನ ಕೆಂಪು ದೀಪ ಬೇರೆ ಉರಿಯುತ್ತಿದೆ! ಲೋಕಕ್ಕೆ ಉಳಿಯುವುದು ಇದೇನಾ?

"ಬಾಡೂಟಕ್ಕಲ್ಲ ಕಣೇ ನಾ ಎದ್ದಿದ್ದು!" ಎಂದು ಅಬ್ಬರಿಸಿ ಸಣ್ಣತಿಮ್ಮಪ್ಪ ಎದ್ದು ಕೂತ. ಚೈತ್ರಾ ಕಿಟಾರನೆ ಕಿರುಚಿದಳು.

ಸುಧಾರಿಸಿಕೊಂಡು, "ಪರವಾಗಿಲ್ಲ ಅಜ್ಜಿ, ಮೊದ್ಲಿಂದ ಇನ್ನೊಂದ್ಸಲ ಹೇಳ್ರಿ," ಎಂದಳು.

"ಆಗಲ್ಲವ್ವ. ಒಬ್ರಿಗೆ ಒಂದೇ ಸಲ ಅಳೋದು. ಎಲ್ಡನೇ ಸಲ ಅತ್ರೆ ಮನೆಗೆ ಕೇಡು." ಬೊಮ್ಮಕ್ಕ ಗಂಡನ ಕಡೆ ತಿರುಗಿದಳು. "ಬೈಗುಳ ಮುಗ್ದಿತ್ತು. ಇನ್ನೊಂದು ಉಸ್ರು ತಡ್ಕಂಡಿದ್ರೆ ಹೊಗಳಿಕೆ ಬರೋದು."

ಸಣ್ಣತಿಮ್ಮಪ್ಪನಿಗೆ ಸಿಡಿಲು ಬಡಿದಂತಾಯಿತು. ಮೊದಲು ಬೈಗುಳವೋ! ಸಾವಿನ ಮನೆಗಳ ಬಾಗಿಲಾಚೆ ಬೀಡಿ ಸೇದುತ್ತ ಕೂರುವ ಗಂಡಸರಲ್ಲಿ ಒಬ್ಬನಿಗಾದರೂ ಇದು ಗೊತ್ತಿತ್ತೇ? ದಡಕ್ಕನೆ ಬಿದ್ದುಕೊಂಡು ಕಂಬಳಿ ಎಳೆದುಕೊಂಡ.

"ಸತ್ತೀನಿ ಕಣೇ ಬೊಮ್ಮಿ, ನಿಜವಾಗ್ಲೂ ಸತ್ತೀನಿ. ಉಳಿದಿದ್ದಷ್ಟು ಅಂದ್ಬಿಡು!"

"ಸತ್ತೋರು ಮಾತಾಡಲ್ಲ."

ಅವನು ತಕ್ಷಣ ಬಾಯಿ ಮುಚ್ಚಿದ. ಉಸಿರನ್ನೂ ಬಿಗಿಹಿಡಿದ. ಹೊತ್ತಾಯಿತೆಂದು ಬೊಮ್ಮಕ್ಕನೇ ಕುರಿ ಬಿಟ್ಟುಕೊಂಡು ಹೋದ ಮೇಲೂ, ಹೊಗಳಿಕೆಗೆ ಕಿವಿಯೊಡ್ಡಿ ಮಲಗಿದ ಹೆಣ ಏಳಲಿಲ್ಲ.