ಲಿವರ್‌ಪೂಲಿನಲ್ಲಿ ನಮ್ಮಜ್ಜಿಯ ಹೆಸರು

ಆಗ ನನಗೆ ಅರವತ್ತೊಂಬತ್ತು ವರ್ಷ. ಈ ಮಾತಿಗೆ ಈಗ ಆರು ವರ್ಷವಾಯಿತು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ, ನನಗೆ ಹೇಳಲು ಬರಬೇಡಿ.

ಇಳಕಲ್ಲಿನ ನಮ್ಮ ಓಣಿಗೆ ಬಿಳಿ ಜನ ಬರುವುದು ಹೊಸದಲ್ಲ. ಸೀರೆಗೆ ಬರುತ್ತಾರೆ, ಕಲ್ಲಿಗೆ ಬರುತ್ತಾರೆ. ಅಂದು ಮಧ್ಯಾಹ್ನ ನಲವತ್ತರ ಹತ್ತಿರದ ಒಬ್ಬ ಹೆಂಗಸು ಬಂದು ಹೊಸ್ತಿಲಾಚೆ ನಿಂತಳು. ಮಗ್ಗದ ಮೇಲಿದ್ದ ಸೀರೆಯ ಬೆಲೆಯನ್ನು ಅವಳು ಕೇಳುವ ಮೊದಲೇ ಹೇಳಿಬಿಟ್ಟೆ. ಜೊತೆಗೆ ಐಹೊಳೆಯಲ್ಲಿ ಗುಡಿ ತೋರಿಸುವ ಗೈಡ್ ಇದ್ದ. ಅವನು ನಕ್ಕ.

"ಸೀರಿಗೆ ಬಂದಿಲ್ರಿ ಯವ್ವಾ ಇವರು. ತಮ್ಮ ಹಿರ್ಯಾರನ್ನ ಹುಡಿಕ್ಕೊಂತ ಬಂದಾರ."

"ಇಂಗ್ಲೀಷರ ಹಿರ್ಯಾರು ನಮ್ಮ ಓಣ್ಯಾಗ ಯಾಕ ಇರ್ತಾರೋ ಯಪ್ಪಾ? ಅವರ ಊರಾಗ ಹುಡುಕಲಿ."

"ಅಲ್ಲೆ ಹುಡುಕಿ ಹುಡುಕಿ ದಣದs ಇಲ್ಲಿಗೆ ಬಂದಾರ್ರಿ."

ಕುಳ್ಳಿರಿಸಿ ನೀರು ಕೊಟ್ಟು ಮತ್ತೆ ಮಗ್ಗಕ್ಕೆ ಕುಳಿತೆ. ಅವಳು ಹೇಳಿದ್ದನ್ನು ಗೈಡ್ ನನಗೆ ಕನ್ನಡದಲ್ಲಿ ಹೇಳಿದ. ಲಿವರ್‌ಪೂಲ್ ಎಂಬ ಹಡಗಿನ ಊರಿನವಳು, ಸಾಲಿ ಕಲಿಸುತ್ತಾಳೆ. ಅವಳ ಮುತ್ತಜ್ಜ ನಮ್ಮ ದೇಶದವನಂತೆ. ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ. ಆ ಊರಿನಲ್ಲಿ ಇಳಿದವನು ಅಲ್ಲಿಯ ಹೆಂಗಸನ್ನೇ ಮದುವೆಯಾಗಿ ಉಳಿದುಬಿಟ್ಟ. ಅವನಿಗೆ ಒಬ್ಬಳೇ ಮಗಳು. ಆ ಮಗಳು ಈಗ ಎಂಬತ್ತು ದಾಟಿದ ಮುದುಕಿ, ಹಾಸಿಗೆ ಹಿಡಿದಿದ್ದಾಳೆ. ಅಪ್ಪ ಯಾವ ಊರಿನವನು, ಯಾರ ಮಗ ಎಂದು ಗೊತ್ತಾಗದೆ ಕಣ್ಣು ಮುಚ್ಚಲಾರೆ ಎಂದು ಹಟ ಹಿಡಿದಿದ್ದಾಳೆ. ಬಂದವಳು ಅವಳ ಮೊಮ್ಮಗಳು.

ಆ ಊರಿನ ಕಚೇರಿ, ಗೋರಿ ಎಲ್ಲ ನೋಡಿ ಬಂದಿದ್ದಳು. ಹಡಗಿನವರು ಅವನ ಹೆಸರನ್ನು ಗುರುತು ಸಿಗದ ಹಾಗೆ ಬರೆದುಕೊಂಡಿದ್ದರು. ಊರು ಬರೀ ಮುಂಬೈ ಎಂದಿತ್ತು. ಆದರೆ ಅವನು ಮಗಳಿಗೆ ಇಂಗ್ಲೀಷ್ ಹೆಸರಿನ ಜೊತೆಗೆ ಅಲ್ಲಿ ಯಾರ ಬಾಯಿಗೂ ಹೊರಳದ ಇನ್ನೊಂದು ಹೆಸರಿಟ್ಟು ಅದನ್ನೇ ಹಿಡಿದು ಕರೆಯುತ್ತಿದ್ದ. ತಾವು ನೇಕಾರರು, ಹತ್ತಿರದಲ್ಲಿ ಕಲ್ಲಿನ ಗುಡಿಗಳಿವೆ ಎಂದೂ ಹೇಳಿದ್ದ. ಐಹೊಳೆಯಲ್ಲಿ ಅವಳು ಆ ಹೆಸರು ಹೇಳಿದಾಗ ಈ ಗೈಡ್, "ಇದು ನಮ್ಮ ಬಾದಾಮಿ ತಾಯಿ ಹೆಸರ್ರಿ, ನೇಕಾರ ಮಂದಿ ಮನಿದೇವ್ರು" ಎಂದು ಇಳಕಲ್ಲಿಗೆ ಕರೆತಂದ. ಹಡಗಿಗೆ ಹೋಗಿ ಬಾರದವರು ಯಾರಾದರೂ ಇದ್ದಾರೆಯೇ ಎಂದು ಓಣಿ ಓಣಿ ಕೇಳಿದಾಗ ಜನ ನಮ್ಮ ಮನೆ ತೋರಿಸಿದರು.

ಆ ಹೆಸರನ್ನು ಕೇಳಿ ನಾನು ಲಾಳಿ ಕೆಳಗಿಟ್ಟೆ. ಅದು ನನ್ನ ಅವ್ವನ ಅವ್ವನ ಹೆಸರು.

ಅವ್ವ ತೊಟ್ಟಿಲಲ್ಲಿದ್ದಾಗ ಅಜ್ಜ ಮುಂಬೈ ಗಿರಣಿಗೆ ಹೋದ. ಅಲ್ಲಿಂದ ಹಡಗು ಹತ್ತಿದ. ಕೆಲವು ವರ್ಷದ ಮೇಲೆ ಮುಂಬೈಯಿಂದ ಒಬ್ಬ ಮನುಷ್ಯ ಸುದ್ದಿ ತಂದು ಇದೇ ಬಾಗಿಲಲ್ಲಿ ನಿಂತು, "ನಿಮ್ಮ ಯಜಮಾನರ ಹೆಸರೇನ್ರಿ?" ಎಂದು ಅಜ್ಜಿಯನ್ನು ಕೇಳಿದನಂತೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? ಅಜ್ಜಿ ಸೆರಗು ಎಳೆದುಕೊಂಡು, ಮಾತಿಲ್ಲದೆ, ಹೆಸರು ಹೇಳಲು ಬಾಜೂಮನೆಯವಳನ್ನು ಕರೆಯಲು ಹಿತ್ತಲಿನಿಂದ ಓಡಿದಳು. ಇಬ್ಬರೂ ಬರುವಷ್ಟರಲ್ಲಿ ಅವನು ಮನೆ ತಪ್ಪಿತೆಂದು ತಿಳಿದು ಹೊರಟುಹೋಗಿದ್ದ. ಸುದ್ದಿ ಅವನ ಹೊಟ್ಟೆಯಲ್ಲೇ ಉಳಿಯಿತು.

ಅಜ್ಜಿ ಸಾಯುವ ತನಕ ಕುಂಕುಮ ಹಚ್ಚಿದಳು. "ಈಕಿ ಮುತ್ತೈದೀನೋ ಮುಂಡೀನೋ ಆ ಸಮುದ್ರಾನ ಕೇಳಬೇಕು" ಎಂದು ಓಣಿಯವರು ಆಡಿಕೊಂಡರು. ನಮ್ಮಲ್ಲಿ ಹಿರಿಯರ ಅಮಾವಾಸ್ಯೆಗೆ ಸತ್ತವರಿಗೆಲ್ಲ ಎಡೆ ಇಡುತ್ತೇವೆ, ಅರಿವೆ-ಬಟ್ಟೆ ಇಡುತ್ತೇವೆ. ಬದುಕಿದ್ದವನಿಗೆ ಇಟ್ಟರೆ ಆಯುಷ್ಯಕ್ಕೆ ಕುತ್ತು. ಸತ್ತವನಿಗೆ ಇಡದಿದ್ದರೆ ಅವನು ಹಸಿದುಕೊಂಡೇ ಇರುತ್ತಾನೆ. ಅಜ್ಜಿ ಅವ್ವನಿಗೆ, ಅವ್ವ ನನಗೆ ಸಾಯುವಾಗ ಹೇಳಿದ್ದು ಒಂದೇ ಮಾತು: "ಅಂವ ಏನಾದ ಅಂತ ತಿಳಕೋ. ತಿಳೀದs ಎಡಿ ಇಡಬ್ಯಾಡ." ನೂರು ದಾಟಿದವನು ಬದುಕಿರುತ್ತಾನೆಯೇ ಎಂದು ನೀವು ನಗಬಹುದು. ನಾನು ಮಾತು ಕೊಟ್ಟಿದ್ದೆ, ಎಡೆ ಇಟ್ಟಿರಲಿಲ್ಲ.

"ಹೆಂಗ ಸತ್ತ ಕೇಳು" ಎಂದೆ.

ಎದೆಯ ಬ್ಯಾನಿ ಹತ್ತಿ ಸತ್ತನಂತೆ. ಕಡೆಯ ಎರಡು ವರ್ಷ ಆ ಹೆಂಡತಿಯೇ ಚಮಚದಿಂದ ಉಣಿಸಿದಳು. ಸತ್ತಾಗ ಇವನ ಕಡೆಯ ಪದ್ಧತಿ ಏನೆಂದು ಹಡಗುಕಟ್ಟೆಗೆ ಹೋಗಿ ನಮ್ಮ ದೇಶದವರನ್ನು ಹುಡುಕಿ ಕೇಳಿ, ಅವರು ಹೇಳಿದ ಹಾಗೆ ಮಣ್ಣು ಮಾಡಿ, ಕಲ್ಲು ನಿಲ್ಲಿಸಿದಳು.

ಆ ಹೆಸರು ಯಾರದು ಎಂದು ಈಗ ಬಂದವಳು ಕೇಳಿದಳು. ನಾನು ಹೇಳಿದೆ. ಗೈಡ್ ತಲೆ ಕೆರೆದುಕೊಂಡ.

"ಇಲ್ಲೊಬ್ಬಾಕಿ ಹೆಂಡ್ತಿ ಇದ್ಲು ಅಂತ ಹ್ಯಾಂಗ ಹೇಳ್ಲಿರಿ ಯವ್ವಾ?"

"ಹೇಳೋ. ಅಷ್ಟ ದೂರದಿಂದ ಬಂದಾಳ, ಸುಳ್ಳ ಕಟಗೊಂಡು ಹೋಗ್ಬೇಕೇನು?"

ಹೇಳಿದ. ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು. ನನಗೆ ಮಾತ್ರ ಸಿಟ್ಟೇ ಬಂದಿತ್ತು. ಹೆಂಡತಿಯನ್ನು ಬಿಟ್ಟು, ಅವಳ ಹೆಸರನ್ನು ಇನ್ನೊಬ್ಬಳ ಕೂಸಿಗೆ ಇಡುವುದು ಗಂಡಸರ ಬುದ್ಧಿಯೇ. ಆದರೂ ಒಂದು ಮಾತು: ಇಲ್ಲಿದ್ದಾಗ ಅವನು ಅಜ್ಜಿಯನ್ನು ಹೆಸರು ಹಿಡಿದು ಕರೆದವನಲ್ಲ, ನಮ್ಮ ಓಣಿಯಲ್ಲಿ ಯಾವ ಗಂಡನೂ ಕರೆಯುತ್ತಿರಲಿಲ್ಲ. ಅಲ್ಲಿ ದಿನಾ ಆ ಹೆಸರು ಕೂಗಿದ.

ಅವಳು ಲಿವರ್‌ಪೂಲಿಗೆ ಫೋನ್ ಹಚ್ಚಿ ಅದರಲ್ಲಿ ಮುದುಕಿಯನ್ನು ತೋರಿಸಿದಳು. ದಿಂಬಿನ ಮೇಲೆ ಸಣ್ಣ ಮುಖ, ನಮ್ಮ ಅವ್ವನದೇ ಹಣೆ.

"ನಿನ್ನ ಹೆಸರು ನಮ್ಮಜ್ಜೀದು. ನೀ ನನಗ ಚಿಕ್ಕವ್ವ ಆಗ್ಬೇಕು. ನಿಮ್ಮಪ್ಪ ಈ ಮನ್ಯಾಗಿಂದs ಹ್ವಾದ."

ಗೈಡ್ ತಿಳಿಸಿದ. ಫೋನಿನಲ್ಲಿ ಮುದುಕಿ ಏನೋ ಅಂದಳು.

"ಥ್ಯಾಂಕ್ಸ್ ಅಂತಾರ್ರಿ."

"ಥ್ಯಾಂಕ್ಸ್ ಇರ್ಲಿ, ಉಂಡಾಳೇನು ಕೇಳು."

ಸಂಜೆ ಅವರು ಬಾದಾಮಿಗೆ ಹೋದ ಮೇಲೆ, ನಾಳೆ ಎಡೆ ಇಡೋಣ ಎಂದೆ. ತಮ್ಮನ ಹೆಂಡತಿ ಒಪ್ಪಲಿಲ್ಲ. "ಅಮಾಸಿ ಇನ್ನೂ ದೂರ ಐತ್ರಿ ಅಕ್ಕಾರ."

"ಅಂವ ಕಾದದ್ದು ಸಾಕು. ಮೂರ ಎಡಿ ಮಾಡು."

"ಅಜ್ಜಗೊಂದು, ಅಜ್ಜಿಗೊಂದು. ಮೂರನೇದು ಯಾರಿಗ್ರಿ? ಆ ಸವತಿಗೇನು? ಅಜ್ಜಿ ಎಡಿ ಒದ್ದು ಎದ್ದು ಹೋಗ್ತಾಳ ನೋಡ್ರಿ!"

"ಹೋದ್ರ ಹೋಗ್ಲಿ. ನಮ್ಮಂವಗ ಅನ್ನ ಹಾಕ್ಯಾಳ, ಮಣ್ಣ ಹಾಕ್ಯಾಳ. ನಾವ್ಯಾರೂ ಹಾಕಿಲ್ಲ."

ಅವಳು ಗೊಣಗುತ್ತಲೇ ಕಡಲೆಬೇಳೆ ಆರಿಸಲು ಕುಳಿತಳು.

ಮರುದಿನ ಬೆಳಿಗ್ಗೆ ಎದ್ದು ಹೂರಣ ರುಬ್ಬಿ ಹೋಳಿಗೆ ಮಾಡಿದೆ. ಅಜ್ಜನಿಗೆ ಧೋತರ, ಅಜ್ಜಿಗೆ ನಾನೇ ನೇಯ್ದ ಸೀರೆ, ಅಲ್ಲಿಯ ಹೆಂಡತಿಗೆ ಕುಪ್ಪಸಕ್ಕೆಂದು ಗುಳೇದಗುಡ್ಡದ ಒಂದು ಖಣ ಇಟ್ಟೆ. ಅವಳ ಹೆಸರು ಕೇಳುವುದನ್ನು ಮರೆತಿದ್ದೆ. ತಮ್ಮನಿಂದ ಗೈಡಿಗೆ ಫೋನ್ ಮಾಡಿಸಿ ಕೇಳಿದೆ. ಆ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಎರಡು ಸಲ ತಪ್ಪು ತಪ್ಪಾಗಿ ಅಂದೆ, ಆಮೇಲೆ "ಉಣ್ಣವ್ವಾ ತಾಯಿ" ಎಂದು ಎಡೆಯ ಸುತ್ತ ನೀರು ಬಿಟ್ಟೆ.